ಭಾನುವಾರ ಗಾಲ್ಫ್ ಇಲ್ಲ

ಗಾಲ್ಫ್ ಬಗ್ಗೆ ಬರೀತೀನಿ ಅಂದ್ರೆ ನಗಬೇಡಿ. ನಾನು ಆ ಆಟ ಆಡಿದವನಲ್ಲ, ಟೀವಿಯಲ್ಲಿ ಬಂದರೆ ಚಾನೆಲ್ ಬದಲಾಯಿಸುವವನು. ಆದರೆ ನಮ್ಮ ಮನೆಯಲ್ಲಿ ಗಾಲ್ಫ್ ಗೊತ್ತಿರೋನು ಒಬ್ಬ ಇದ್ದಾನೆ. ನಮ್ಮಪ್ಪ. ಅವನೂ ಆಡಿದವನಲ್ಲ, ಹೊತ್ತವನು.

ಹನ್ನೊಂದನೇ ವಯಸ್ಸಿನಿಂದ ಹದಿನೇಳರವರೆಗೆ ಅಪ್ಪ ಬೆಂಗಳೂರಿನ ಒಂದು ಕ್ಲಬ್ಬಿನಲ್ಲಿ ಕ್ಯಾಡಿಯಾಗಿದ್ದ. ಬೆಳಗ್ಗೆ ಐದೂವರೆಗೇ ಹೋಗಿ ಗೇಟಿನ ಹತ್ತಿರದ ಮರದ ಕೆಳಗೆ ಕೂರಬೇಕಿತ್ತಂತೆ. ಯಾರಾದರೂ ಕರೆದರೆ ಚೀಲ ಹೊರುವುದು, ಇಲ್ಲದಿದ್ದರೆ ಹಾಗೇ ವಾಪಸ್. ಹೆಗಲ ಮೇಲೆ ಚೀಲ ಇದ್ದರೆ ಮಾತ್ರ ಹುಲ್ಲಿನ ಮೇಲೆ ಕಾಲಿಡಬಹುದು, ಬರಿಗೈಲಿ ಕಂಡರೆ ವಾಚ್‌ಮನ್ ಓಡಿಸುತ್ತಿದ್ದ. ಆಮೇಲೆ ಫ್ಯಾಕ್ಟರಿ ಕೆಲಸ ಸಿಕ್ಕಿತು, ಮದುವೆಯಾಯಿತು, ನಾವು ಹುಟ್ಟಿದೆವು. ಆ ಮರದ ಕಥೆ ಅಪ್ಪ ಹೇಳಿದ್ದು ಎರಡೋ ಮೂರೋ ಸಲ ಇರಬೇಕು.

2018ರ ಬೇಸಿಗೆಯಲ್ಲಿ ಅಪ್ಪನನ್ನು ಎಡಿನ್‌ಬರಾಗೆ ಕರೆಸಿಕೊಂಡಿದ್ದೆ. ಅಮ್ಮ ಹೋಗಿ ಒಂದು ವರ್ಷವಾಗಿತ್ತು, ಅಪ್ಪ ಮಾತು ಕಡಿಮೆ ಮಾಡಿಬಿಟ್ಟಿದ್ದ. ಕೋಟೆ ತೋರಿಸಿದೆ, ಅರಮನೆ ತೋರಿಸಿದೆ. ಎಲ್ಲದಕ್ಕೂ ಒಂದೇ ಉತ್ತರ, "ಚೆನ್ನಾಗೈತೆ." ಒಂದು ರಾತ್ರಿ ಊಟ ಮಾಡುವಾಗ ತಾನಾಗಿಯೇ ಕೇಳಿದ, "ಸೇಂಟ್ ಆಂಡ್ರೂಸ್ ಇಲ್ಲಿಂದ ಎಷ್ಟು ದೂರ ಆಯ್ತದೆ?"

ನನಗೆ ಆಶ್ಚರ್ಯ. ಅಪ್ಪ ಚೀಲ ಹೊರುತ್ತಿದ್ದ ಸಾಹೇಬರೊಬ್ಬರು ಚೆಂಡು ತಪ್ಪಿದಾಗಲೆಲ್ಲ ಆ ಹೆಸರು ಹೇಳುತ್ತಿದ್ದರಂತೆ. ಅಪ್ಪ ಬಹಳ ವರ್ಷ ಅದು ಯಾರೋ ದೇವರ ಹೆಸರು ಅಂದುಕೊಂಡಿದ್ದನಂತೆ!

ಶನಿವಾರ ಹೊರಟೆವು. ಆ ಊರಿಗೆ ರೈಲು ನಿಂತು ಬಹಳ ಕಾಲವಾಯಿತು, 1969ರಲ್ಲೇ ಸ್ಟೇಷನ್ ಮುಚ್ಚಿದರು. ಲೂಕರ್ಸ್ ಎಂಬಲ್ಲಿ ಇಳಿದು ಬಸ್ಸು ಹಿಡಿಯಬೇಕು. ಇಳಿದು ಸಮುದ್ರದ ಕಡೆ ನಡೆದರೆ ಓಲ್ಡ್ ಕೋರ್ಸ್ ಎದುರಿಗೇ ಇತ್ತು. ನಾನು ದೊಡ್ಡ ಗೋಡೆ, ಗೇಟು, ವಾಚ್‌ಮನ್ ಎಲ್ಲ ನಿರೀಕ್ಷಿಸಿದ್ದೆ. ಅಲ್ಲಿ ಊರಿನ ರಸ್ತೆಯೊಂದು ಮೊದಲನೇ ಮತ್ತು ಹದಿನೆಂಟನೇ ಹೋಲ್‌ಗಳ ಹುಲ್ಲನ್ನು ಅಡ್ಡಡ್ಡ ಸೀಳಿಕೊಂಡು ಸಮುದ್ರತೀರಕ್ಕೆ ಹೋಗುತ್ತದೆ. ಹೆಸರು ಗ್ರ್ಯಾನಿ ಕ್ಲಾರ್ಕ್ಸ್ ವೈಂಡ್, ನಮ್ಮ ಮಾತಲ್ಲಿ ಕ್ಲಾರ್ಕಜ್ಜಿ ಓಣಿ. ಐಸ್‌ಕ್ರೀಂ ತಿನ್ನುತ್ತಾ ಹೋಗುವವರಿಗಾಗಿ ಆಟಗಾರರು ಕಾಯುತ್ತಾ ನಿಂತಿದ್ದರು.

"ಇದು ಯಾರ್ದು?" ಅಂದ ಅಪ್ಪ.

"ಊರಿಂದು" ಅಂದೆ. ಅಪ್ಪ ನಂಬಲಿಲ್ಲ. ನಾನು ಓದಿಕೊಂಡು ಬಂದಿದ್ದನ್ನೆಲ್ಲ ಬೆಂಚಿನ ಮೇಲೆ ಕೂತು ಹೇಳಬೇಕಾಯಿತು.

ಲಿಂಕ್ಸ್ ಅಂದರೆ ಸಮುದ್ರಕ್ಕೂ ಹೊಲಕ್ಕೂ ನಡುವಿನ ಮರಳು ನೆಲ. ಉಪ್ಪುಗಾಳಿ, ದಿಬ್ಬಗಳು, ಗಿಡ್ಡ ಹುಲ್ಲು. ಮಳೆ ಬಂದರೆ ನೀರು ನಿಲ್ಲುವುದಿಲ್ಲ, ಆದರೆ ಬೆಳೆಯೂ ಬರುವುದಿಲ್ಲ. ಹಾಗಾಗಿ ಊರವರು ದನಕರು ಮೇಯಿಸುತ್ತಿದ್ದರು, ಬಟ್ಟೆ ಒಣಗಿಸುತ್ತಿದ್ದರು, ಆಡುತ್ತಿದ್ದರು. 1552ರಲ್ಲಿ ಆರ್ಚ್‌ಬಿಷಪ್ ಹ್ಯಾಮಿಲ್ಟನ್ ಈ ಹಕ್ಕನ್ನು ಬರವಣಿಗೆಯಲ್ಲೇ ಒಪ್ಪಿಕೊಂಡ. ಅಲ್ಲಿ ಮೊಲ ಸಾಕುವ ಹಕ್ಕು ತನಗೆ, ಗಾಲ್ಫು, ಫುಟ್‌ಬಾಲು, ದನ ಮೇಯಿಸುವ ಹಕ್ಕು ಊರಿಗೆ.

"ಗೋಮಾಳ ಅನ್ನು ಮತ್ತೆ!" ಅಂದ ಅಪ್ಪ.

ಅರ್ಧ ಗಂಟೆಯಿಂದ ನಾನು ಹುಡುಕುತ್ತಿದ್ದ ಪದ ಅದೇ.

ಗೋಮಾಳಕ್ಕೆ ಬರುವ ಕಷ್ಟ ಅದಕ್ಕೂ ಬಂತು. ಪಟ್ಟಣ ಸಾಲದಲ್ಲಿ ಮುಳುಗಿ 1797ರಲ್ಲಿ ಲಿಂಕ್ಸನ್ನೇ ಮಾರಿತು. ಅದು ಮೊಲ ಸಾಕುವ ವ್ಯಾಪಾರಿಗಳ ಕೈಸೇರಿತು. ಮೊಲಗಳು ನೆಲವನ್ನೆಲ್ಲ ತೋಡಿ ಹಾಕಿದವು. ಊರವರು ಮೊಲ ಕೊಲ್ಲುವುದು, ವ್ಯಾಪಾರಿಗಳು ಕೋರ್ಟಿಗೆ ಹೋಗುವುದು, ಹೀಗೇ ಎರಡು ದಶಕ ಎಳೆದಾಡಿದರು. 1821ರಲ್ಲಿ ಜೇಮ್ಸ್ ಚೀಪ್ ಎಂಬ ಪಕ್ಕದ ಜಮೀನ್ದಾರ ಕೊಂಡುಕೊಂಡು ಆಟಕ್ಕೆ ಉಳಿಸಿಕೊಟ್ಟ. 1894ರಲ್ಲಿ ಪಾರ್ಲಿಮೆಂಟಿನಲ್ಲಿ ಕಾಯ್ದೆಯಾಗಿ ಮತ್ತೆ ಊರಿನ ಕೈಗೆ ಬಂತು. 1974ರಿಂದ ಒಂದು ಟ್ರಸ್ಟು ನೋಡಿಕೊಳ್ಳುತ್ತಿದೆ. 1754ರಲ್ಲಿ 22 ಜನ ಸೇರಿ ಕಟ್ಟಿದ, 1834ರಿಂದ ರಾಯಲ್ ಅಂಡ್ ಏನ್ಷಿಯೆಂಟ್ ಅನ್ನಿಸಿಕೊಂಡ ಕ್ಲಬ್ಬಿನ ಕಲ್ಲಿನ ಕಟ್ಟಡ ಅಲ್ಲೇ ಎದುರಿಗಿದೆ. ಆದರೆ ಹುಲ್ಲು ಅವರದಲ್ಲ. ಕಟ್ಟಡದ ಒಳಗಿನ ಕಥೆ ಬೇರೆ. ಅಲ್ಲಿ ಹೆಂಗಸರಿಗೆ ಸದಸ್ಯತ್ವ ಕೊಡಲು ಒಪ್ಪಿದ್ದು 2014ರಲ್ಲಿ!

ಅಪ್ಪನಿಗೆ ಈ ಇಸವಿಗಳಿಗಿಂತ ಆಟ ಮುಖ್ಯವಾಗಿತ್ತು. ದೂರದ ಒಂದೇ ಗ್ರೀನ್‌ನಲ್ಲಿ ಎರಡು ಬಾವುಟ ನೋಡಿ ಕಣ್ಣು ಕಿರಿದು ಮಾಡಿದ. ಇಲ್ಲಿ ಹೋಗುವ ದಾರಿ ಬರುವ ದಾರಿ ಅಕ್ಕಪಕ್ಕ. ಏಳು ಗ್ರೀನ್‌ಗಳು ಜೋಡಿ, ಅಂದರೆ ಎರಡೆರಡು ಹೋಲ್‌ಗೆ ಒಂದು. ಹೋಗುವಾಗಿನದಕ್ಕೆ ಬಿಳಿ ಬಾವುಟ, ಬರುವಾಗಿನದಕ್ಕೆ ಕೆಂಪು. ಜೋಡಿಯ ನಂಬರುಗಳನ್ನು ಕೂಡಿದರೆ ಯಾವಾಗಲೂ 18. ಎರಡು ಮತ್ತು ಹದಿನಾರು, ಮೂರು ಮತ್ತು ಹದಿನೈದು, ಹೀಗೆ. ಈ ಹದಿನೆಂಟು ಅನ್ನುವ ಲೆಕ್ಕವೂ ಇಲ್ಲಿಯದೇ. ಮೊದಲು ಒಂದು ಸುತ್ತಿಗೆ 22 ಇತ್ತು, 1764ರಲ್ಲಿ ಚಿಕ್ಕವನ್ನು ಸೇರಿಸಿ 18 ಮಾಡಿದರು. ಆಮೇಲೆ ಲೋಕವೆಲ್ಲ ಅದನ್ನೇ ಹಿಡಿಯಿತು.

"ಹದಿನೆಂಟು ಯಾಕೆ ಅಂತ ನಾನು ಆಗ್ಲೇ ಕೇಳಿದ್ದೆ. ಯಾರೂ ಹೇಳ್ಲಿಲ್ಲ" ಅಂದ ಅಪ್ಪ. ಐವತ್ತೈದು ವರ್ಷ ಹಳೆಯ ಪ್ರಶ್ನೆ.

ಪಕ್ಕದಲ್ಲೇ ಹಿಮಾಲಯಾಸ್ ಅಂತ ಒಂದು ಜಾಗವಿದೆ (ಹೌದು, ನಮ್ಮ ಹಿಮಾಲಯವೇ). ಹುಲ್ಲಿನ ಗುಡ್ಡಗಳ ಮೇಲೆ ಚೆಂಡನ್ನು ಮೆಲ್ಲಗೆ ತಳ್ಳುವ ಆಟ. 1867ರಲ್ಲಿ ಹೆಂಗಸರು ತಮ್ಮದೇ ಕ್ಲಬ್ಬು ಕಟ್ಟಿಕೊಂಡು ಶುರು ಮಾಡಿದ್ದು. ಈಗ ಕೆಲವು ಪೌಂಡು ಕೊಟ್ಟರೆ ಯಾರು ಬೇಕಾದರೂ ಆಡಬಹುದು. ಎರಡು ಪಟರ್ ಬಾಡಿಗೆಗೆ ತಂದು ಒಂದನ್ನು ಅಪ್ಪನ ಕೈಗಿಟ್ಟೆ.

ಅಪ್ಪ ಜೇಬಿನಿಂದ ಕರ್ಚೀಫು ತೆಗೆದ. ಪಟರ್‌ನ ತಲೆಯನ್ನು ಚೆನ್ನಾಗಿ ಒರೆಸಿ, ಹಿಡಿ ನನ್ನ ಕಡೆ ಬರುವಂತೆ ತಿರುಗಿಸಿ, ನನಗೇ ವಾಪಸ್ ಕೊಟ್ಟ.

ತಾನೇನು ಮಾಡಿದೆ ಅಂತ ಅವನಿಗೆ ಗೊತ್ತಾಗಲೇ ಇಲ್ಲ. ನಾನು ಬೇರೆ ಕಡೆ ನೋಡಿದೆ, ಗಾಳಿ ಬಹಳ ಇತ್ತು.

"ನೀನು ಆಡಪ್ಪ" ಅಂದರೆ, "ನೀನು ಆಡು, ನಾನು ದಾರಿ ಹೇಳ್ತೀನಿ" ಅಂದ. ಕೂತು ನೆಲ ನೋಡಿದ. "ಎಡಕ್ಕೆ ಎರಡು ಗೇಣು ಬಿಟ್ಟು ಹೊಡಿ. ಮೆತ್ತಗೆ." ಹೊಡೆದೆ. ಚೆಂಡು ಸುತ್ತು ಹಾಕಿಕೊಂಡು ಹೋಗಿ ಗುಣಿಗೆ ಬಿತ್ತು. ಪಕ್ಕದ ಮಕ್ಕಳು ಚಪ್ಪಾಳೆ ತಟ್ಟಿದರು. ಅಪ್ಪ ನಕ್ಕ. ಅಮ್ಮ ಹೋದ ಮೇಲೆ ಅಪ್ಪ ಹಾಗೆ ನಕ್ಕಿದ್ದು ನಾನು ನೋಡಿರಲಿಲ್ಲ.

ರಾತ್ರಿ ಅಲ್ಲೇ ಉಳಿದೆವು. ಮಾರನೆಯ ದಿನ ಭಾನುವಾರ. ಭಾನುವಾರ ಓಲ್ಡ್ ಕೋರ್ಸಿನಲ್ಲಿ ಗಾಲ್ಫ್ ಇಲ್ಲ. ಓಪನ್ ಚಾಂಪಿಯನ್‌ಶಿಪ್‌ನಂಥ ಕೆಲವು ಸಂದರ್ಭ ಬಿಟ್ಟರೆ ಆ ದಿನ ಅದು ಊರಿನ ಪಾರ್ಕು. ಸುಮಾರು ನಾಲ್ಕು ದಶಕ, 1903ರವರೆಗೆ, ಹುಲ್ಲು ನೋಡಿಕೊಂಡವನು ಓಲ್ಡ್ ಟಾಮ್ ಮಾರಿಸ್, ಇದೇ ಊರಿನ ನೇಕಾರರ ಮಗ. ನಾಲ್ಕು ಸಲ ಓಪನ್ ಗೆದ್ದವನು. ಭಾನುವಾರ ನಿಮಗೆ ವಿಶ್ರಾಂತಿ ಬೇಡದಿದ್ದರೂ ನೆಲಕ್ಕೆ ಬೇಕು ಅನ್ನುತ್ತಿದ್ದನಂತೆ. "ಮಾಲಿಗೇ ಗೊತ್ತಾಗೋದು ಅದೆಲ್ಲ" ಅಂದ ಅಪ್ಪ.

ನಾಯಿಗಳನ್ನು ಓಡಾಡಿಸುವವರು, ಮಗುವಿನ ಗಾಡಿ ತಳ್ಳುವವರು, ಮುದುಕ ಮುದುಕಿಯರು. ಅಪ್ಪ ಹುಲ್ಲಿನ ಅಂಚಿಗೆ ಬಂದು ನಿಂತುಬಿಟ್ಟ.

"ಹೋಗ್ಬೋದಾ?"

"ಹೋಗ್ಬೋದು."

ಹಿಂದೆ ತಿರುಗಿ ಕ್ಲಬ್ಬಿನ ಕಿಟಕಿಗಳ ಕಡೆ ಒಂದು ಸಲ ನೋಡಿ ಕಾಲಿಟ್ಟ. ಸ್ವಿಲ್ಕನ್ ಹಳ್ಳದ ಪುಟ್ಟ ಕಲ್ಲು ಸೇತುವೆಯವರೆಗೂ ನಡೆದೆವು. ಅಲ್ಲಿ ಫೋಟೋ ತೆಗೆಸಿಕೊಳ್ಳಲು ಸಾಲು ಇತ್ತು. ಅಪ್ಪನ ಸರದಿ ಬಂದಾಗ ಕೈ ಎಲ್ಲಿಡಬೇಕು ಅಂತ ಗೊತ್ತಾಗದೆ ಸುಮ್ಮನೆ ಇಳಿಬಿಟ್ಟುಕೊಂಡು ನಿಂತ. ಆ ಫೋಟೋ ಈಗಲೂ ನನ್ನ ಮೇಜಿನ ಮೇಲಿದೆ. ಗಮನಿಸಿ ನೋಡಿದರೆ ಅಪ್ಪನ ಬಲ ಹೆಗಲು ಎಡದ್ದಕ್ಕಿಂತ ಸ್ವಲ್ಪ ತಗ್ಗಿದೆ. ಚಿಕ್ಕಂದಿನಿಂದ ನೋಡುತ್ತಿದ್ದೇನೆ, ಯಾಕೆ ಅಂತ ಯೋಚಿಸಿರಲಿಲ್ಲ.

ವಾಪಸ್ ರೈಲಿನಲ್ಲಿ ಅಪ್ಪ ಕಿಟಕಿಯಾಚೆ ನೋಡುತ್ತಾ ಒಂದೇ ಮಾತು ಅಂದ, "ನಮ್ಮಲ್ಲೂ ವಾರಕ್ಕೊಂದು ದಿನ ಹಿಂಗೆ ಬಿಟ್ಟಿದ್ರೆ, ನಿಮ್ಮಮ್ಮನ್ನ ಕರ್ಕೊಂಡು ಹೋಗಿ ತೋರಿಸ್ತಿದ್ದೆ. ನಾನು ಕೆಲಸ ಮಾಡ್ತಿದ್ದ ಜಾಗ ಅಂತ."

ಅಪ್ಪನ ಹಳ್ಳಿಯ ಗೋಮಾಳ ಈಗ ಲೇಔಟ್ ಆಗಿದೆ. ನಿಮ್ಮೂರಿಂದು ಇನ್ನೂ ಇದೆಯಾ? ಇದ್ದರೆ ಒಂದು ಭಾನುವಾರ ಹೋಗಿ ನಡೆದಾಡಿಕೊಂಡು ಬನ್ನಿ. ಬಂದ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ, ಅಪ್ಪನಿಗೆ ಓದಿ ಹೇಳ್ತೀನಿ.