ಟಿ.ಸಿ. ಯಾಕೆ ಸುಡುತ್ತೆ?

ನಮ್ಮ ಬೆಲ್ಲದ ಬಾಗೇವಾಡಿ ಕಡೆ ಟ್ರಾನ್ಸ್‌ಫಾರ್ಮರ್ ಅಂದ್ರೆ ಯಾರೂ ತಲೆ ಎತ್ತಿ ನೋಡಲ್ಲ. ‘ಟಿ.ಸಿ.’ ಅನ್ನಬೇಕು. ‘ಟಿ.ಸಿ. ಸುಟ್ಟೈತಿ’ ಅಂದ್ರಂತೂ ಊಟದ ತಾಟು ಬಿಟ್ಟು ಎದ್ದು ಬರ್ತಾರೆ. ಬೇಸಿಗೆಯಲ್ಲಿ ಆ ಮಾತಿಗೆ ಕಬ್ಬಿಗೆ ನೀರಿಲ್ಲ ಅಂತ ಅರ್ಥ. ಹೋದ ಏಪ್ರಿಲ್‌ನಲ್ಲಿ ನಮ್ಮ ಹೊಲದ ಟಿ.ಸಿ.ಗೂ ಅದೇ ಗತಿ ಆಯ್ತು. ಹೊಸದು ಬಂದು ಕೂರೋ ಹೊತ್ತಿಗೆ ಕಬ್ಬಿನ ಎಲೆ ಸುರುಳಿ ಸುತ್ತಿಕೊಂಡಿತ್ತು...

ಅಪ್ಪ ಫೋನಿನಲ್ಲಿ ಕೇಳಿದರು, “ನೀ ಇದನ್ನ ಓದಿಯಲ್ಲೋ ತಮ್ಮಾ, ಮೊನ್ನಿ ಮಟಾ ಛಲೋ ಇದ್ದದ್ದು ಒಮ್ಮೆಲೇ ಹೆಂಗ ಸುಟ್ತು?”

ಓದಿದ್ದು ಎಲೆಕ್ಟ್ರಿಕಲ್, ಬೆಂಗಳೂರಲ್ಲಿ ಮಾಡ್ತಿರೋದು ಜಾವಾ. ಆದ್ರೂ ಅಪ್ಪನ ಮುಂದೆ ಮಾನ ಉಳಿಸಿಕೊಳ್ಳಬೇಕಲ್ಲ! ಉತ್ತರ ಇಷ್ಟು: ಅದು ಒಮ್ಮೆಲೇ ಸುಟ್ಟಿಲ್ಲ. ವರ್ಷಗಟ್ಟಲೆ ದಿನಾ ಸ್ವಲ್ಪ ಸ್ವಲ್ಪ ಸುಡ್ತಾ ಇತ್ತು, ಏಪ್ರಿಲ್‌ನಲ್ಲಿ ಮುಗೀತು.

ಇದನ್ನ ವಿವರಿಸೋಕೆ ನಮ್ಮ ಆಫೀಸಿನ ನೆಲಮಾಳಿಗೆ ಅನುಕೂಲ. ಅಲ್ಲೂ ಒಂದು ಟ್ರಾನ್ಸ್‌ಫಾರ್ಮರ್ ಇದೆ, ಆದರೆ ಎಣ್ಣೆ ಇಲ್ಲದ್ದು, ಡ್ರೈ ಟೈಪ್. ವೈಂಡಿಂಗನ್ನು ಎಪಾಕ್ಸಿಯಲ್ಲಿ ಎರಕ ಹೊಯ್ದಿರ್ತಾರೆ, ತಂಪು ಮಾಡೋಕೆ ಬರೀ ಗಾಳಿ. ಜನ ಕೂತಿರೋ ಕಟ್ಟಡದ ಕೆಳಗೆ ನೂರಾರು ಲೀಟರ್ ಎಣ್ಣೆ ಇಟ್ಟರೆ ಬೆಂಕಿ ಭಯ, ಅದಕ್ಕೇ ಈ ಜಾತಿ. ವೈಂಡಿಂಗ್ ಒಳಗೇ ಶಾಖ ಅಳೆಯೋ ಸೆನ್ಸರ್ ಕೂರಿಸಿರ್ತಾರೆ, ಹೊರಗೆ ಡಬ್ಬಿಯ ಮೇಲೆ ಡಿಗ್ರಿ ಕಾಣುತ್ತೆ. ಊರಿನ ಕಂಬದ ಮೇಲಿನ ಟಿ.ಸಿ. ಒಳಗೆ ಕಾಣದೆ ನಡೆಯೋದು ಇಲ್ಲಿ ಅಂಕಿಯಾಗಿ ಕಾಣುತ್ತೆ.

ಎಫ್ ಕ್ಲಾಸ್ ಇನ್ಸುಲೇಶನ್ ಅಂತಿಟ್ಟುಕೊಳ್ಳಿ. ಸುತ್ತಲಿನ ಗಾಳಿ ಹೆಚ್ಚೆಂದರೆ 40 ಡಿಗ್ರಿ. ಪೂರ್ತಿ ಲೋಡಿನಲ್ಲಿ ವೈಂಡಿಂಗ್ ಅದರ ಮೇಲೆ ಸರಾಸರಿ 100 ಡಿಗ್ರಿ ಏರಬಹುದು, ಒಟ್ಟು 140. ಆದರೆ ಎಲ್ಲ ಕಡೆ ಒಂದೇ ಬಿಸಿ ಇರಲ್ಲ, ಎಲ್ಲೋ ಒಂದು ಮೂಲೆ ಜಾಸ್ತಿ ಕಾದಿರುತ್ತೆ. ಆ ಮೂಲೆಗೂ ಸೇರಿಸಿ ಗೆರೆ 155. ಎಚ್ ಕ್ಲಾಸ್ ಆದರೆ ಗೆರೆ 180.

ಅಂದ್ರೆ ನೇಮ್ ಪ್ಲೇಟ್ ಮೇಲಿನ ‘ಇಷ್ಟು ಕೆವಿಎ’ ಅನ್ನೋದಕ್ಕೆ ಒಂದು ಷರತ್ತು ಇದೆ. ಗಾಳಿ ಇಷ್ಟು ತಂಪಿದ್ದರೆ ಇಷ್ಟು ಹೊರುತ್ತೀನಿ, ಇಷ್ಟು ವರ್ಷ ಬದುಕ್ತೀನಿ ಅಂತ. ಕೋಣೆಯ ಗಾಳಿ 40ರ ಬದಲು 50 ಆದರೆ ಲೋಡನ್ನು ನೂರಕ್ಕೆ ಐದಾರು ಭಾಗ ಇಳಿಸಬೇಕು. ಸಾವಿರ ಕೆವಿಎ ಟ್ರಾನ್ಸ್‌ಫಾರ್ಮರ್ ಪೂರ್ತಿ ಲೋಡಿನಲ್ಲಿ ಸುಮಾರು 10 ಕಿಲೋವ್ಯಾಟ್ ಬಿಸಿಯನ್ನು ಕೋಣೆಗೆ ಸುರಿಯುತ್ತೆ, ಹತ್ತು ಹೀಟರ್ ಹಚ್ಚಿಟ್ಟಂಗೆ. ಎಕ್ಸಾಸ್ಟ್ ಫ್ಯಾನ್ ನಿಂತರೆ ಗತಿ ಏನು ಯೋಚಿಸಿ.

ಗೆರೆ ದಾಟಿದ ಕೂಡಲೇ ಏನೂ ಆಗಲ್ಲ, ಮೋಸ ಇರೋದೇ ಇಲ್ಲಿ. ಹೆಚ್ಚುಕಮ್ಮಿ ಪ್ರತಿ 6ರಿಂದ 10 ಡಿಗ್ರಿ ಏರಿಕೆಗೆ ಇನ್ಸುಲೇಶನ್ನಿನ ಆಯಸ್ಸು ಅರ್ಧ ಆಗುತ್ತೆ ಅನ್ನೋದು ಎಂಜಿನಿಯರುಗಳ ಹಳೇ ಲೆಕ್ಕ. ಇಪ್ಪತ್ತು ವರ್ಷದ್ದು ಹತ್ತಾಗುತ್ತೆ, ಹತ್ತರದ್ದು ಐದಾಗುತ್ತೆ. ಹೊರಗಿನಿಂದ ನೋಡೋರಿಗೆ ‘ಛಲೋ’ ಅಂತಲೇ ಕಾಣುತ್ತೆ.

ಇನ್ನೊಂದು ಲೆಕ್ಕ. ವೈಂಡಿಂಗ್‌ನಲ್ಲಿ ಹುಟ್ಟೋ ಬಿಸಿ ಕರೆಂಟಿನ ವರ್ಗದಂತೆ ಏರುತ್ತೆ. ಲೋಡು 20 ಭಾಗ ಜಾಸ್ತಿ ಆದರೆ ಬಿಸಿ 44 ಭಾಗ ಜಾಸ್ತಿ. ಲೋಡು 40 ಜಾಸ್ತಿ ಆದರೆ ಬಿಸಿ ಹತ್ತಿರ ಹತ್ತಿರ ಎರಡು ಪಟ್ಟು!

ಡ್ರೈ ಟೈಪ್‌ನಲ್ಲಿ ಕಾಯೋಕೆ ಎಣ್ಣೆ ಇಲ್ಲ, ಅದಕ್ಕೆ ಬೇಗ ಬಿಸಿ ಏರುತ್ತೆ. ಆದರೆ ಕಾವಲೂ ಇದೆ. ಒಂದು ಡಿಗ್ರಿಗೆ ಫ್ಯಾನ್ ಶುರು, ಇನ್ನೊಂದಕ್ಕೆ ಅಲಾರಂ, ಮತ್ತೊಂದಕ್ಕೆ ಟ್ರಿಪ್. ನಮ್ಮ ಲ್ಯಾಪ್‌ಟಾಪಿನ ಪ್ರೊಸೆಸರ್ ಕೂಡ ಕಾದರೆ ತಾನೇ ವೇಗ ಇಳಿಸಿಕೊಳ್ಳುತ್ತೆ. ಹೊಲದ ಟಿ.ಸಿ.ಗೆ ಇದ್ಯಾವುದೂ ಇಲ್ಲ. ಎಣ್ಣೆ ನಿಧಾನಕ್ಕೆ ಕಾಯೋದರಿಂದ ಗಂಟೆ, ಎರಡು ಗಂಟೆ ಸಹಿಸುತ್ತೆ. ಆದರೆ ಎಣ್ಣೆಯೊಳಗಿನ ಇನ್ಸುಲೇಶನ್ ಕಾಗದ. ಸಾಧಾರಣ ಕಾಗದಕ್ಕೆ ಸುಮಾರು 98 ಡಿಗ್ರಿ ದಾಟಿದರೆ ಆಯಸ್ಸು ಬೇಗ ಬೇಗ ಖರ್ಚಾಗುತ್ತೆ.

ಈಗ ನಮ್ಮ ಹೊಲಕ್ಕೆ ಬನ್ನಿ. ಟಿ.ಸಿ. 63 ಕೆವಿಎ. 5 ಎಚ್‌ಪಿ ಪಂಪು ಒಂದಕ್ಕೆ ಸುಮಾರು 5.8 ಕೆವಿಎ ಬೇಕು. ಹತ್ತು ಪಂಪಿಗೆ 58, ಸರಿಹೋಯ್ತು. ಆದರೆ ಲೆಕ್ಕದಲ್ಲಿ 10, ಓಡೋದು 14. ಒಟ್ಟು 81 ಕೆವಿಎ, ಅಂದ್ರೆ ವೈಂಡಿಂಗ್ ಬಿಸಿ ಒಂದೂ ಮುಕ್ಕಾಲು ಪಟ್ಟಿನ ಹತ್ತಿರ. ತ್ರೀ ಫೇಸ್ ಬರೋದು 7 ತಾಸು. ಎಲ್ಲರ ಸ್ಟಾರ್ಟರಿಗೂ ಆಟೋ ಸ್ವಿಚ್ಚು. ಲೈನ್ ಬಂದ ಕ್ಷಣ ಹದಿನಾಲ್ಕೂ ಒಟ್ಟಿಗೆ ಎದ್ದೇಳುತ್ತವೆ. ವೋಲ್ಟೇಜ್ ಬೀಳುತ್ತೆ, ಬಿದ್ದಾಗ ಮೋಟರುಗಳು ಇನ್ನೂ ಜಾಸ್ತಿ ಕರೆಂಟ್ ಎಳೆಯುತ್ತವೆ. ಅದೂ ಏಪ್ರಿಲ್ ಬಿಸಿಲಲ್ಲಿ. ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ, ಹಾಗಾಗಿ ಎಷ್ಟು ಎಳೀತಿದ್ದೀವಿ ಅಂತ ನೆನಪಿಸೋ ಬಿಲ್ಲೂ ಕೈಗೆ ಬರಲ್ಲ. ಇದರ ನಡುವೆ ಪಕ್ಕದ ಹೊಲದ ಕಾಕಾ 5 ಎಚ್‌ಪಿ ತೆಗೆದು ಏಳೂವರೆ ಕೂರಿಸ್ತೀನಿ ಅಂತ ಹೊರಟಿದ್ದರು.

ಹೋದ ಸಲ ಊರಿಗೆ ಹೋದಾಗ ಹಾಳೆ, ಪೆನ್ನು ಹಿಡಿದು ಕೂತೆ. ಕಾಕಾ ಮೊದಲೇ ಹೇಳಿಬಿಟ್ಟರು, “ಪಾಳಿ ಅಂತ ಹೇಳಬ್ಯಾಡಪಾ. ಏಳ್ ತಾಸಿನ್ಯಾಗ ಅರ್ಧಾ ಬಿಟ್ರ ಕಬ್ಬಿಗೆ ಏನ್ ಮುಟ್ತೈತಿ?”

ಅರ್ಧ ಬಿಡಬೇಕಿಲ್ಲ. ಪ್ರತಿ ಮೋಟರಿಗೆ 2 ಕೆವಿಎಆರ್‌ನ ಒಂದು ಕೆಪಾಸಿಟರ್ ಹಾಕಿದರೆ ಪವರ್ ಫ್ಯಾಕ್ಟರ್ 0.8ರಿಂದ 0.95ರ ಹತ್ತಿರ ಬರುತ್ತೆ. ಅದೇ ನೀರು, ಅದೇ ಮೋಟರು, ಟಿ.ಸಿ. ಮೇಲಿನ ಕರೆಂಟ್ ಮಾತ್ರ ನೂರಕ್ಕೆ 16 ಭಾಗ ಕಡಿಮೆ, ವೈಂಡಿಂಗ್ ಬಿಸಿ 29 ಭಾಗ ಕಡಿಮೆ. ಆಗ 12 ಪಂಪು 59 ಕೆವಿಎಯಲ್ಲಿ ಓಡುತ್ತವೆ. ಯಾವಾಗಲೂ ಇಬ್ಬರು ಬಂದ್ ಇಟ್ಟರೆ ಸಾಕು. ಹದಿನಾಲ್ಕು ಜನಕ್ಕೆ ಹಂಚಿದರೆ ತಲಾ 6 ತಾಸು. ಕಳ್ಕೊಳ್ಳೋದು ಒಂದೇ ತಾಸು! ಏಳೂವರೆ ಎಚ್‌ಪಿ ಬಂದರೆ ಮಾತ್ರ ಈ ಲೆಕ್ಕ ಹರಿದುಹೋಗುತ್ತೆ.

ನಮ್ಮ ತಾಲೂಕಿಗೆ ಹಂಚಿಕೊಳ್ಳೋದು ಹೊಸದೇನಲ್ಲ ನೋಡಿ. 1969ರಲ್ಲಿ ಶುರುವಾದ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ದೇಶದ ಮೊದಲ ಐದರಲ್ಲಿ ಒಂದು. ಗುಜರಾತಿನ ಕೊಡಿನಾರ್, ಈಗ ತೆಲಂಗಾಣದಲ್ಲಿರೋ ಸಿರ್ಸಿಲ್ಲಾ, ಮಹಾರಾಷ್ಟ್ರದ ಮುಳಾ-ಪ್ರವರಾ, ಉತ್ತರ ಪ್ರದೇಶದ ಲಖನೌ ಉಳಿದ ನಾಲ್ಕು. ಕರೆಂಟು ಬಳಸೋರೇ ಸದಸ್ಯರು. ಅರ್ಧ ಶತಮಾನದ ಹಿಂದೆ ನಮ್ಮ ಅಜ್ಜಂದಿರು ಸೇರಿ ಇಡೀ ತಾಲೂಕಿಗೆ ತಂತಿ ಎಳೆಸಿಕೊಂಡರು. ನಾವು ಹದಿನಾಲ್ಕು ಜನ ಒಂದು ಟಿ.ಸಿ. ಹಂಚಿಕೊಳ್ಳೋಕೆ ಆಗಲ್ವಾ?

ಕಾಕಾ ಹಾಳೆಯನ್ನು ಎರಡು ಸಲ ಓದಿದರು. “ಒಂದ ತಾಸಿಂದ ಅಂದ್ರ ನೋಡೂಣು. ಆದ್ರ ಮೊದಲ ಬಂದ್ ಮಾಡಾವ್ರ ಯಾರು?”

ಇದಕ್ಕೆ ನನ್ನ ಎಲೆಕ್ಟ್ರಿಕಲ್ ಪುಸ್ತಕದಲ್ಲಿ ಉತ್ತರ ಇಲ್ಲ. ಸದ್ಯಕ್ಕೆ ಒಂಬತ್ತು ಜನ ಕೆಪಾಸಿಟರ್ ಹಾಕಿಸಿದ್ದಾರೆ, ಕಾಕಾರ ಏಳೂವರೆ ಎಚ್‌ಪಿ ಅಂಗಡಿಯಲ್ಲೇ ಇದೆ. ಪಾಳಿಯ ಮಾತು ಇನ್ನೂ ಕಟ್ಟೆ ಮೇಲೆ ನಡೀತಿದೆ. ನಿಮ್ಮೂರಲ್ಲಿ ಹೀಗೆ ಪಾಳಿ ಮಾಡಿಕೊಂಡವರು ಇದ್ದರೆ ದಯವಿಟ್ಟು ಬರೀರಿ, ಹೆಂಗೆ ಒಪ್ಪಿಸಿದ್ರಿ ಅಂತ. ಮುಂದಿನ ಬೇಸಿಗೆ ಬರೋದರೊಳಗೆ ಬೇಕಾಗಿದೆ.