ಹೆಸರಲ್ಲೇ ಅಕ್ಕಿ

ನಮ್ಮ ಮನೆಯಲ್ಲಿ ಏಕಾದಶಿ ಎಂದರೆ ಹೊಟ್ಟೆ ಖಾಲಿ ಬಿಡುವುದಲ್ಲ, ಧಾನ್ಯ ಬಿಡುವುದು. ಶಿವನಸಮುದ್ರದ ಮಧ್ಯರಂಗನಿಗೆ ನಡೆದುಕೊಳ್ಳುವವರು ನಾವು. ಅಂದು ಅಕ್ಕಿ, ರಾಗಿ, ಗೋಧಿ, ಬೇಳೆ ಯಾವುದೂ ಒಲೆ ಏರುವುದಿಲ್ಲ. ಅನ್ನ ಬಿಡುವುದು ಸುಲಭ, ಕಷ್ಟ ಸಾರಿನದು. ನಮ್ಮ ಸಾರಿಗೆ ಮೈ ಕೊಡುವುದೇ ಬೆಂದ ಬೇಳೆ, ಇಲ್ಲವೇ ಮಸಾಲೆಯ ಜೊತೆ ರುಬ್ಬಿದ ಹುರಿಗಡಲೆ. ಅವೆರಡೂ ಹೋದರೆ ಉಳಿಯುವುದು ಬರೀ ಹುಳಿನೀರು.

ಅಜ್ಜಿಗೆ ಸ್ಟ್ರೋಕ್ ಆದ ಮೇಲೆ ಇದು ಬರೀ ರುಚಿಯ ಮಾತಾಗಿ ಉಳಿಯಲಿಲ್ಲ. ತೆಳ್ಳಗಿನದೇನು ಕುಡಿದರೂ ಕೆಮ್ಮು, ಉಸಿರು ಕಟ್ಟಿದಂತೆ. ಕೊಡುವುದೆಲ್ಲ ಗಟ್ಟಿಯಾಗಿರಲಿ ಎಂದರು ಡಾಕ್ಟರು. ಉಳಿದ ದಿನ ರಾಗಿ ಗಂಜಿ ನಡೆಯುತ್ತದೆ. ಏಕಾದಶಿಯಂದು ಮಾತ್ರ ಅಜ್ಜಿ ಬಾಯಿ ಬಿಗಿದು ಕೂರುತ್ತಾಳೆ. ಕಾಯಿಲೆಯವರಿಗೆ ವ್ರತವಿಲ್ಲ ಎಂದು ಅಪ್ಪ ಹೇಳಿ ಸೋತರು.

ಸಾಬಕ್ಕಿ ಬೇಯಿಸಿ ತಂದೆ. "ಹೆಸ್ರಲ್ಲೇ ಅಕ್ಕಿ ಅದಲ್ಲ ಮಗ" ಎಂದು ಬಟ್ಟಲು ತಳ್ಳಿದಳು. ಅದು ಮರಗೆಣಸಿನ ಪಿಷ್ಟ ಎಂಬ ನನ್ನ ಪಾಠ ನಡೆಯಲಿಲ್ಲ. ಕಡಲೆಕಾಯಿ ಆಗಬಹುದಂತೆ! ಸಸ್ಯಶಾಸ್ತ್ರದಲ್ಲಿ ಅದು ತೊಗರಿ, ಅವರೆಯ ಕುಟುಂಬದ್ದೇ. "ಅದು ನೆಲದೊಳಗೆ ಬೆಳೆಯೋದು" ಎಂದು ಒಂದೇ ಮಾತಲ್ಲಿ ಮುಗಿಸಿದಳು. ಪಿಎಚ್‌ಡಿ ವೈವಾದಲ್ಲಿ ಇಷ್ಟು ಧೈರ್ಯವಾಗಿ ಉತ್ತರಿಸಿದವರನ್ನು ನಾನು ಕಂಡಿಲ್ಲ. ಆದರೆ ಕಡಲೆಕಾಯಿ ಎಷ್ಟು ರುಬ್ಬಿದರೂ ತರಿ ಉಳಿಯುತ್ತದೆ, ಅವಳ ಗಂಟಲಿಗೆ ಆಗದು.

ಯೆಹೂದಿ ಮನೆಗಳಲ್ಲೂ ಇದೇ ತಕರಾರಿದೆ ಎಂದು ಆಮೇಲೆ ಓದಿದೆ. ಪಾಸ್ಕ ಹಬ್ಬದಲ್ಲಿ ಗೋಧಿ, ಬಾರ್ಲಿ ಮುಂತಾದ 5 ಧಾನ್ಯಗಳ ಹಿಟ್ಟಿನಿಂದ ಅವರು ಸಾರು ಗಟ್ಟಿ ಮಾಡುವಂತಿಲ್ಲ. ಯುರೋಪಿನ ಅಶ್ಕೆನಾಜಿ ಸಂಪ್ರದಾಯದವರು ಅಕ್ಕಿ, ಬೇಳೆಯನ್ನೂ ಬಿಡುತ್ತ ಬಂದವರು. ಕಡಲೆಕಾಯಿ ಆ ಪಟ್ಟಿಗೆ ಸೇರುತ್ತದೋ ಇಲ್ಲವೋ ಎಂದು ಅವರ ಧರ್ಮಗುರುಗಳಲ್ಲೂ ಒಮ್ಮತವಿಲ್ಲ. ಅವರ ಕೈಹಿಡಿದದ್ದು ಆಲೂಗಡ್ಡೆಯ ಪಿಷ್ಟ. ಮರಗೆಣಸು, ಕಡಲೆಕಾಯಿ, ಆಲೂಗಡ್ಡೆ ಮೂರೂ ದಕ್ಷಿಣ ಅಮೆರಿಕದಿಂದ ಬಂದವು. ಹಳೆಯ ಕಾಲದಲ್ಲಿ ಏಕಾದಶಿಯ ಕಟ್ಟಳೆ ಮಾಡಿದವರು ಇವನ್ನು ಕಂಡೇ ಇರಲಿಲ್ಲ.

ಆಲೂಗಡ್ಡೆಗೆ ಅಜ್ಜಿ ಒಪ್ಪಿದಳು. ಹಸಿಯದನ್ನೇ ತುರಿದು, ನೀರಲ್ಲಿ ಕಲಕಿ, ಬಟ್ಟೆಯಲ್ಲಿ ಸೋಸಿಟ್ಟರೆ ತಳದಲ್ಲಿ ಬಿಳಿ ಪಿಷ್ಟ ಕೂರುತ್ತದೆ. ಅದನ್ನು ತಣ್ಣೀರಲ್ಲಿ ಕದಡಿಯೇ ಸಾರಿಗೆ ಬಿಡಬೇಕು. ಬಿಸಿಗೆ ನೇರ ಬಿದ್ದರೆ ಗಂಟು; ಅಜ್ಜಿಯ ಗಂಟಲಿಗೆ ಗಂಟೂ ಅಪಾಯವೇ. ಸುಮಾರು 65 ಡಿಗ್ರಿಗೆ ಕಣಗಳು ನೀರು ಹೀರಿ ಊದುತ್ತವೆ, ಸಾರು ಹೊಳಪಾಗಿ ಮಂದವಾಗುತ್ತದೆ. ಹಾಗೇ ಕುದಿಸುತ್ತಿದ್ದರೆ ಮತ್ತೆ ತೆಳ್ಳಗಾಗುತ್ತದೆ. ಎಂಜಲು ಚಮಚವನ್ನು ಬಟ್ಟಲಿಗೆ ಅದ್ದುತ್ತಿದ್ದರೂ ಅಷ್ಟೇ, ಜೊಲ್ಲಿನ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಅದಕ್ಕೇ ಪುಟ್ಟ ಬಟ್ಟಲಿಗೆ ಸ್ವಲ್ಪ ಸ್ವಲ್ಪವೇ ಹಾಕಿಕೊಂಡು ಕುಡಿಸುತ್ತೇನೆ.

ಹೋದ ಏಕಾದಶಿಗೆ ಮೂರು ಬಟ್ಟಲು ಇಳಿಯಿತು. ಕೆಮ್ಮಲಿಲ್ಲ. ಮೆಣಸು ಸಾಲದು ಎಂದಳು.