ನೀರಿನ ಚೀಲ

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ, ಅಂದರೆ 1974ರ ದಸರೆಯ ರಜೆಯಲ್ಲಿ, ನಮ್ಮ ಮನೆಯವರೆಲ್ಲ ಕಾಲ್ನಡಿಗೆಯಲ್ಲಿ ಬೆಟ್ಟ ಸುತ್ತಲು ಹೊರಟೆವು. ನಮ್ಮದು ಯಲಬುರ್ಗಾ. ಕೊಪ್ಪಳವು ಆಗ ಜಿಲ್ಲೆಯಾಗಿರಲಿಲ್ಲ. ಈ ನಾಲ್ಕೂ ತಾಲ್ಲೂಕುಗಳು ರಾಯಚೂರಿಗೆ ಸೇರಿದ್ದವು. ತಂದೆಯವರು ಶಾಲೆಯಲ್ಲಿ ಇತಿಹಾಸವನ್ನು ಕಲಿಸುತ್ತಿದ್ದರು. ಕವಿರಾಜಮಾರ್ಗದಲ್ಲಿ ಕೊಪಣದ ಹೆಸರು ಬಂದಿದೆಯೆಂದು ಊರ ಮಕ್ಕಳಿಗೆಲ್ಲ ಹೇಳುವ ತಾವು ಸ್ವಂತ ಮಕ್ಕಳಿಗೆ ಆ ಗುಡ್ಡಗಳನ್ನು ತೋರಿಸಿಲ್ಲವಲ್ಲ ಎಂಬುದು ಅವರ ಕೊರಗಾಗಿತ್ತು.

ಹೊರಟವರು ಐವರು: ತಂದೆಯವರು, ಅವ್ವ, ಏಳು ವರ್ಷದ ತಂಗಿ, ನಾನು ಮತ್ತು ಕುಷ್ಟಗಿಯ ಕಡೆ ಒಕ್ಕಲುತನ ಮಾಡಿಕೊಂಡಿದ್ದ ನಮ್ಮ ಕಾಕಾ. ಸಜ್ಜೆಯ ಕಟಕು ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಗಳ ಗಂಟು ಅವ್ವನದು. ಹಾಸಿಗೆಯ ಸುರುಳಿ ತಂದೆಯವರದು. ಪಾತ್ರೆ, ಕಂದೀಲು, ಕೊಡಲಿಗಳು ಕಾಕಾನ ಹೆಗಲೇರಿದವು. ನನ್ನ ಪಾಲಿಗೆ ಬಂದುದು ನೀರಿನ ಚೀಲ.

ಲಾರಿಗಳ ಮುಂದೆ ಹಿಂದೆ ಕ್ಯಾನ್ವಾಸಿನ ಚೀಲವೊಂದನ್ನು ತೂಗುಹಾಕುತ್ತಿದ್ದರಲ್ಲ, ಅಂಥದೇ ಚೀಲವದು. ನೆನೆದ ಬಟ್ಟೆಯಿಂದ ನೀರು ಸಣ್ಣಗೆ ಒಸರಿ ಆವಿಯಾಗುವಾಗ ಒಳಗಿನ ಶಾಖವನ್ನು ಸೆಳೆದುಕೊಳ್ಳುತ್ತದೆಯಾಗಿ, ಎಂಥ ಬಿಸಿಲಿನಲ್ಲಿಯೂ ಆ ನೀರು ತಣ್ಣಗಿರುತ್ತಿತ್ತು. 1972ರ ಬರಗಾಲದಲ್ಲಿ ಕಾಕಾ ಪರಿಹಾರ ಕಾಮಗಾರಿಗೆ ಹೋಗಿ ಜಲ್ಲಿ ಒಡೆಯುತ್ತಿದ್ದಾಗ ಅದನ್ನು ಕೊಂಡಿದ್ದರು. ಆ ವರ್ಷ ಅವರ ಊರಿನ ಬಾವಿಗಳೆಲ್ಲ ಬತ್ತಿ, ಎರಡು ಹರದಾರಿ ದೂರದಿಂದ ನೀರು ತರಬೇಕಾಗಿತ್ತಂತೆ. ದಿನವೂ ಬೆಳಿಗ್ಗೆ ಚೀಲವನ್ನು ತುಂಬಿ, ಬಾಯಿ ಬಿಗಿದು, ನನ್ನ ಹೆಗಲಿಗೆ ಹಾಕುತ್ತಿದ್ದವರು ಅವರೇ.

ಮೊದಲ ದಿನಗಳ ಕಥೆಯನ್ನು ಇಲ್ಲಿ ಹೆಚ್ಚು ಬೆಳೆಸುವುದಿಲ್ಲ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳನ್ನು ಕಂಡೆವು. ಅವು ವಿದ್ವಾಂಸರ ಗಮನಕ್ಕೆ ಬಂದುದು 1931ರಲ್ಲಿ. ಪಾಲ್ಕಿಗುಂಡಿನ ನೆತ್ತಿಯಲ್ಲಿ ಎರಡು ಗುಂಡುಗಳು ಹಾಸುಬಂಡೆಯೊಂದನ್ನು ಪಲ್ಲಕ್ಕಿಯಂತೆ ಹೊತ್ತು ನಿಂತಿವೆ. ತಂಗಿ ಅದರ ಕೆಳಗೆ ಕುಳಿತು ರಾಣಿಯಾದಳು. ಅಲ್ಲಿಂದ ಮೂಡಲಿಗೆ ತಿರುಗಿ, ಹಳ್ಳಿಗಳಲ್ಲಿ ಒಂದೊಂದು ರಾತ್ರಿ ತಂಗುತ್ತ, ನಾಲ್ಕನೆಯ ದಿನ ಹಿರೇಬೆಣಕಲ್ಲಿನ ಬೆಟ್ಟಸಾಲಿನ ಬುಡಕ್ಕೆ ಬಂದೆವು.

ಊರಿನ ಕಡೆಯಿಂದ ಹತ್ತಿದ್ದರೆ ಕಾಲುದಾರಿ ಸಿಕ್ಕುತ್ತಿತ್ತು. ನಾವು ಹಿಂಬದಿಯಿಂದ ಹತ್ತಿದೆವು. ಬಂಡೆಯ ಮೇಲೆ ಬಂಡೆ, ನಡುವೆ ಮುಳ್ಳುಕಂಟಿ. ಮಧ್ಯಾಹ್ನದ ಹೊತ್ತಿಗೆ ತಂಗಿಗೆಂದು ಅವ್ವ ಹಿಡಿದಿದ್ದ ತತ್ರಾಣಿ ಬರಿದಾಯಿತು. ಚೀಲದ ಪಟ್ಟಿ ನನ್ನ ಹೆಗಲನ್ನು ಕೊರೆಯುತ್ತಿತ್ತು. ಬೆಟ್ಟದ ಮೇಲೆ ಬತ್ತದ ಕೊಳವೊಂದಿದೆ, ಇನ್ನೊಂದು ತಾಸಿನಲ್ಲಿ ಸೇರುತ್ತೇವೆ ಎಂದು ತಂದೆಯವರು ಹೇಳಿದುದು ನನ್ನ ಕಿವಿಗೆ ಬಿದ್ದಿತ್ತು. ಕೊಳದ ದಂಡೆಗೆ ನೀರು ಹೊತ್ತು ಹೋಗುವುದು ಮೂರ್ಖತನವಲ್ಲವೆ? ನಾನು ಹಿಂದುಳಿದು, ಬಂಡೆಯೊಂದರ ಮರೆಯಲ್ಲಿ ಚೀಲದ ಬಾಯಿ ಬಿಚ್ಚಿ ಅರ್ಧ ನೀರನ್ನು ಚೆಲ್ಲಿದೆ. ಹಗುರದ ಸುಖ ತಿಳಿದ ಮೇಲೆ ಉಳಿದುದರಲ್ಲಿಯೂ ಹೆಚ್ಚು ಪಾಲನ್ನು ಚೆಲ್ಲಿದೆ.

ತಾಸು ಕಳೆಯಿತು, ಎರಡು ತಾಸು ಕಳೆಯಿತು. ಕೊಳ ಕಾಣಲಿಲ್ಲ. ಒಂದು ಬಂಡೆಯನ್ನು ಸುತ್ತಿದರೆ ಅದರಂಥದೇ ಇನ್ನೊಂದು ಎದುರಾಗುತ್ತಿತ್ತು. ಹೊತ್ತು ಮುಳುಗಿತು. ಕತ್ತಲೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಆ ಬಂಡೆಗಳಲ್ಲಿ ಅಲೆಯುವುದು ತರವಲ್ಲವೆಂದು, ಹಾಸುಬಂಡೆಯೊಂದರ ಮೇಲೆ ಬೀಡುಬಿಟ್ಟೆವು. ಕರಡಿ, ಚಿರತೆಗಳ ಬೆಟ್ಟವದು. ಇಂದು ಯಾರಾದರೂ ಹಾಗೆ ತಂಗುವೆವೆಂದರೆ ನಾನೇ ತಡೆದೇನು.

ತಂಗಿ ನೀರು ಕೇಳಿದಳು. ಅವ್ವ ಚೀಲವನ್ನು ಬಗ್ಗಿಸಿದಾಗ ಒಂದು ಲೋಟ ತುಂಬಲಿಲ್ಲ.

"ಇಷ್ಟ ಹ್ಯಾಂಗಾತೋ?" ಎಂದರು ತಂದೆಯವರು.

"ಸೋರೇತಿ, ಅಪ್ಪಾ" ಎಂದೆ.

ನಾನು ಇನ್ನೇನನ್ನಾದರೂ ಹೇಳುವ ಮೊದಲೇ ಕಾಕಾ ನುಡಿದರು: "ಹಳೇ ಚೀಲ, ಅಣ್ಣಾ. ನಂದ ತಪ್ಪು. ಹೊರಡೂ ಮುಂದ ಹೊಲಿಗಿ ನೋಡಬೇಕಾಗಿತ್ತು."

ಇದ್ದ ನೀರನ್ನು ತಂಗಿಗೆ ಕುಡಿಸಿದೆವು. ಒಣರೊಟ್ಟಿ ಯಾರ ಗಂಟಲಿನಲ್ಲಿಯೂ ಇಳಿಯಲಿಲ್ಲ. ಬಿಸಿಲಿನಲ್ಲಿ ಬಳಲಿದ್ದ ತಂಗಿ ಅರೆನಿದ್ದೆಯಲ್ಲಿ ಮತ್ತೆ ಮತ್ತೆ ನೀರು ಎಂದು ಕನವರಿಸುತ್ತಿದ್ದಳು, ಮೈ ಬೆಚ್ಚಗಾಗಿತ್ತು. ಕಾಕಾ ಎದ್ದು ಕಂದೀಲನ್ನೂ ಕೊಡಲಿಯನ್ನೂ ಎತ್ತಿಕೊಂಡರು. ಸಂಜೆ ಕೆಳಗೆ ಕುರಿಹಟ್ಟಿಯೊಂದರ ಹೊಗೆಯನ್ನು ಅವರು ಗುರುತಿಟ್ಟಿದ್ದರು. ತಂದೆಯವರು ಬೇಡವೆಂದರು; ಅವ್ವ ಬೇಡವೆನ್ನಲೂ ಇಲ್ಲ, ಹೋಗೆನ್ನಲೂ ಇಲ್ಲ. ಸೀಗಿ ಹುಣ್ಣಿಮೆಗೆ ಎರಡು ದಿನ ಉಳಿದಿತ್ತು. ಆ ಬೆಳುದಿಂಗಳಿನಲ್ಲಿ ಖಾಲಿ ಚೀಲ ಕಾಕಾನ ಬೆನ್ನಿಗೆ ಅಂಟಿಕೊಂಡು ಇಳಿಯುತ್ತ ಹೋದುದನ್ನು ನಾನು ನೋಡುತ್ತಿದ್ದೆ.

ನನಗೆ ನಿದ್ದೆ ಬರಲಿಲ್ಲ. ಎಲ್ಲಿಯೋ ಕಲ್ಲೊಂದು ಉರುಳಿದರೆ ಎದೆ ಹಾರುತ್ತಿತ್ತು. ತಂದೆಯವರನ್ನು ಎಬ್ಬಿಸಿ ನಿಜವನ್ನು ಹೇಳಬೇಕೆಂದು ಹಲವು ಬಾರಿ ಬಾಯಿ ತೆರೆದೆ. ಅವರು ಎಚ್ಚರವಾಗಿಯೇ ಇದ್ದರು, ಆದರೂ ಹೇಳಲಾಗಲಿಲ್ಲ. ಚಂದ್ರನು ಪಡುವಲಿಗೆ ಬಹಳ ವಾಲಿದ ಮೇಲೆ ಕಾಕಾ ಕುಂಟುತ್ತ ಬಂದರು. ಚಪ್ಪಲಿಯ ಉಂಗುಟ ಕಿತ್ತುಹೋಗಿ ಅಂಗಾಲು ಸೀಳಿತ್ತು. ಚೀಲ ತುಂಬಿತ್ತು. ಅವರು ತಾವು ಕುಡಿಯದೆ ಮೊದಲು ತಂಗಿಗೆ, ಆಮೇಲೆ ನನಗೆ ಕೊಟ್ಟರು.

ಬೆಳಗಾದಾಗ ನೋಡಿದರೆ ಕೊಳವು ನಾವು ಮಲಗಿದ್ದ ಬಂಡೆಯಿಂದ ಬಹುದೂರವೇನೂ ಇರಲಿಲ್ಲ! ಅದರ ಸುತ್ತಲಿನ ಬಯಲಿನಲ್ಲಿ ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿ ಮೇಲೆ ಚಪ್ಪಡಿಯನ್ನೇ ಹೊದಿಸಿದ ಪುಟ್ಟ ಮನೆಗಳ ಕೇರಿಯೇ ಇತ್ತು. ಕುಳ್ಳರಾದ ಮೋರ್ಯರು ಇಲ್ಲಿದ್ದರೆಂದು ಜನ ಹೇಳುತ್ತಾರೆ. ವಾಸ್ತವವಾಗಿ ಇವು ಎರಡು ಸಾವಿರ ವರ್ಷಗಳಿಗೂ ಹಿಂದಿನ ಬೃಹತ್ ಶಿಲಾಯುಗದ ಜನ ತಮ್ಮ ಸತ್ತವರಿಗಾಗಿ ಕಟ್ಟಿದ ಗೋರಿಗಳು. ಸಣ್ಣವು ದೊಡ್ಡವು ಸೇರಿ ಸುಮಾರು ನಾನೂರಿವೆ. ಕೆಲವುಗಳ ಒಂದು ಗೋಡೆಯಲ್ಲಿ ದುಂಡನೆಯ ಕಂಡಿಯನ್ನು ಕೊರೆದಿದ್ದಾರೆ. 2021ರಲ್ಲಿ ಈ ನೆಲೆಯು ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದಾಗ, ತಂದೆಯವರು ಇದ್ದಿದ್ದರೆ ಎಷ್ಟು ಹಿಗ್ಗುತ್ತಿದ್ದರೋ ಎನಿಸಿತು.

ಆ ಕೊಳವು ಚಪ್ಪಡಿ ಎಬ್ಬಿಸಿದ ಗಣಿಯೇ ಎಂದು ತಂದೆಯವರು ವಿವರಿಸಿದರು. ಕಲ್ಲು ತೆಗೆದ ತಗ್ಗಿನಲ್ಲಿ ಮಳೆಯ ನೀರು ನಿಂತಿತು. ಎತ್ತರದ ಗುಂಡೊಂದರ ಮೇಲೆ ನಗಾರಿಯಂಥ ಕಲ್ಲಿದೆ. ಕಲ್ಲಿನಿಂದಲೇ ಬಡಿದರೆ ಅದು ದೂರಕ್ಕೆ ಕೇಳುವಂತೆ ದನಿಗೊಡುತ್ತದೆ. ಬೇರೆ ದಿನವಾಗಿದ್ದರೆ ನಾನು ಮೊದಲು ಓಡಿ ಹತ್ತುತ್ತಿದ್ದೆ. ಅಂದು ಕಾಕಾನ ಕಾಲಿಗೆ ಅರಿವೆ ಕಟ್ಟುತ್ತಿದ್ದ ಅವ್ವನ ಪಕ್ಕದಲ್ಲಿಯೇ ಕುಳಿತಿದ್ದೆ.

ಬೆಟ್ಟವನ್ನಿಳಿದು, ಗಂಗಾವತಿಯ ಕಡೆಯ ಕಾಲುವೆ ನೀರಿನ ಬತ್ತದ ಗದ್ದೆಗಳನ್ನು ದಾಟಿ, ನಿಂತು ನಿಂತು ನಡೆದು, ಮರುದಿನ ಮಧ್ಯಾಹ್ನ ಆನೆಗೊಂದಿಯನ್ನು ತಲಪಿದೆವು. ಗದ್ದೆಯ ಬದುವಿನಲ್ಲಿ ಹರಿದುಹೋಗುತ್ತಿದ್ದ ನೀರನ್ನು ಕಾಕಾ ಬಹಳ ಹೊತ್ತು ನೋಡಿದುದು ನೆನಪಿದೆ. ಆ ರಾತ್ರಿ ತುಂಗಭದ್ರೆಯ ದಂಡೆಯ ಹಳೆಯ ಮಂಟಪವೊಂದರಲ್ಲಿ ನಮ್ಮ ಕೊನೆಯ ಬಿಡಾರ. ಹೊಳೆಯಲ್ಲಿ ಹರಿಗೋಲುಗಳು ದುಂಡಗೆ ತಿರುಗುತ್ತ ಆಚೆಯ ದಡಕ್ಕೆ ಹೋಗುತ್ತಿದ್ದವು.

ಕಾಕಾ ದಬ್ಬಣ ದಾರಗಳನ್ನು ತೆಗೆದು, ಚೀಲಕ್ಕೆ ಹೊಳೆಯ ನೀರನ್ನು ತುಂಬಿ, ಮಂಟಪದ ಕಂಬಕ್ಕೆ ತೂಗುಹಾಕಿ, ತೂತನ್ನು ಹುಡುಕತೊಡಗಿದರು. ನಾನು ಅಡಿಗೆಯ ಒಲೆಯ ಬಳಿ ಬಗ್ಗಿ ಕುಳಿತೆ. ಚೀಲದ ಮೈ ಬೆವೆಯಿತು. ಕೆಳಗಿನ ಕಲ್ಲಿನ ಮೇಲೆ ಆಗೊಮ್ಮೆ ಈಗೊಮ್ಮೆ ಒಂದು ಹನಿ ಬಿದ್ದಿತು, ಅಷ್ಟೆ. ಕಾಕಾ ಚೀಲವನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಎಲ್ಲಿ ಸೋರ್ತದೋ?" ಎಂದು ತಂದೆಯವರು ಹತ್ತಿರ ಬಂದರು.

"ಒಣಗಿದಾಗ ಸೋರ್ತದ, ಅಣ್ಣಾ. ನೆನದ ಮ್ಯಾಲ ಅರಿವಿ ಬಿಗೀತದ" ಎಂದು ಕಾಕಾ ದಬ್ಬಣವನ್ನು ಮಡಚಿಟ್ಟರು.

ಮಾತು ನಿಜವೇ. ಆದರೆ ಹೊರಟ ದಿನದಿಂದ ಆ ಚೀಲ ಒಣಗಿರಲೇ ಇಲ್ಲ.

ಬೆಳಿಗ್ಗೆ ಅವರು ಅದನ್ನು ಬಾಯಿಮಟ್ಟ ತುಂಬಿ ನನ್ನ ಹೆಗಲಿಗೆ ಹಾಕಿದರು. "ಭಾರ ಆಗ್ತದೇನು?" ಎಂದು ಕೇಳಿದರು. ಇಲ್ಲವೆಂದೆ. ಗಂಗಾವತಿಯಲ್ಲಿ ಬಸ್ಸು ಹತ್ತುವಾಗ ಚೀಲವನ್ನು ಮೇಲೆ ಹಾಕೆಂದು ಕಂಡಕ್ಟರು ಹೇಳಿದರೂ ಕೊಡದೆ, ಯಲಬುರ್ಗಾದವರೆಗೂ ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಮನೆಯ ಮುಂದೆ ಇಳಿದಾಗ ನನ್ನ ಚಡ್ಡಿ ಪೂರ್ತಿ ತೊಯ್ದಿತ್ತು.

"ಅಯ್ಯ, ನಮ್ಮೂರಾಗ ನೀರಿಲ್ಲೇನೋ, ಹೊತಗೊಂಡ ಬರಾಕ?" ಎಂದು ಅವ್ವ ನಕ್ಕಳು. ಕಾಕಾ ನಗಲಿಲ್ಲ. ಚೀಲವನ್ನು ನನ್ನ ಕೈಯಿಂದ ಇಳಿಸಿಕೊಂಡು, ಅಂಗಳದಲ್ಲಿಯೇ ಬಾಯಿ ಬಿಚ್ಚಿ, ನನಗೊಂದು ಲೋಟ ನೀರು ಕೊಟ್ಟರು.